ಎರಡು ಸಲ ಕೂಗಿದರೆ

ಉಗಾರ ಖುರ್ದ
16 ಅಕ್ಟೋಬರ್ 2024

ಸುರಜ,

ಅತ್ತಿಯ ಜೈಭೀಮ, ಜೊತೆಗೆ ಬೆನ್ನಿಗೊಂದು ಗುದ್ದು. ಗುದ್ದು ಮೊದಲು ತಗೋ, ಜೈಭೀಮ ಆಮೇಲೆ.

ನಿನ್ನ ಪತ್ರ ನಿನ್ನೆ ಮುಟ್ಟಿತು. ಫ್ರಾನ್ಸಿನಲ್ಲಿ ದ್ರಾಕ್ಷಿ ಕೊಯ್ಲಿಗೆ ಜನ ಬೇಕಂತೆ, ಅಥಣಿಯ ತೋಟಗಳಲ್ಲಿ ಪಳಗಿದ ಕೈ ನನ್ನದು, ಸುಗ್ಗಿ ಮುಗಿಸಿ ಬಂದುಬಿಡುತ್ತೇನೆ ಎಂದು ಹೇಳಿ ಹೋದವನು ನೀನು. ಈಗ ನೋಡಿದರೆ, ಪರದೇಶದ ಹುಡುಗರನ್ನು ಸೇರಿಸಿಕೊಳ್ಳುವ ಅವರ ಪಲ್ಟನ್‌ಗೆ ಭರ್ತಿಯಾದೆ, ಫೋನ್ ಇಸಿದುಕೊಂಡಿದ್ದಾರೆ, ತರಬೇತಿ ಮುಗಿಯುವವರೆಗೆ ಪತ್ರವೇ ಗತಿ ಎಂದು ಬರೆದಿದ್ದೀಯ. ಓದಿ ಹೇಳುತ್ತೇನೆ ಅಂದಳು ಸ್ನೇಹಲ. ನಾನು ಕೊಡಲಿಲ್ಲ. ಸಕ್ಕರೆ ಫ್ಯಾಕ್ಟರಿಯ ತೂಕದ ಚೀಟಿ ಓದಿ ಓದಿ ಅಕ್ಷರ ಕಲಿತವಳು ನಾನು. ನನ್ನ ಕೈಯಲ್ಲಿ ಬೆಳೆದ ಹುಡುಗನ ಪತ್ರವನ್ನು ಅವನ ತಂಗಿಯ ಬಾಯಿಂದ ಕೇಳಬೇಕೇ?

ಸಂಜೆ ನಿನ್ನ ಅಪ್ಪ ಫ್ಯಾಕ್ಟರಿ ಗೇಟಿನ ಡ್ಯೂಟಿ ಮುಗಿಸಿ ಬಂದ ಮೇಲೆ ಹೇಳಿದೆ. ನನ್ನ ತಮ್ಮ ಭರಮು ಎಂಥವನು ನಿನಗೆ ಗೊತ್ತಲ್ಲ, ಟೋಪಿ ತೆಗೆದು ಗೂಟಕ್ಕೆ ಹಾಕಿದ. ಆಮೇಲೆ, "ಬೆಳಗಾವಿ ಮಿಲಿಟ್ರಿ ಭರ್ತಿಗೆ ವಯಸ್ಸ ಮೀರೇತಿ ಅಂದ್ರು. ಅದಕ್ಕ ಸಮುದ್ರದ ಆಚೆ ಹೋಗಿ ಬಂದೂಕ ಹಿಡದಾನ. ಅವರ ಜಗಳಾ ಯಾರ ಜೋಡಿ ಅಂತಾದ್ರೂ ಕೇಳ್ಯಾನೇನ?" ಅಂದ. ಅಷ್ಟೇ. ಊಟ ಮಾಡಿದ, ಮಲಗಿದ.

ನನಗೆ ಬಂದೂಕಿಗಿಂತ ಬೇರೆಯದೇ ಹೆದರಿಕೆ. ನಿನಗೆ ಅವರ ಭಾಷೆ ಬರುವುದಿಲ್ಲ. ಅಲ್ಲಿ ದಿನವೆಲ್ಲ ಯಾರೋ ಏನೋ ಆಜ್ಞೆ ಕೂಗುತ್ತಿರುತ್ತಾರೆ. ನಿನ್ನ ಮಾವ ಹೋದ ಮೇಲೆ ಇಷ್ಟು ವರ್ಷ ಕಬ್ಬಿನ ಗಾಡಿ ಹೊಡೆದವಳು ನಾನು. ಆಜ್ಞೆ ಕೊಡುವುದು ಎಷ್ಟು ಸೂಕ್ಷ್ಮದ ಕೆಲಸ ಎಂದು ಎತ್ತುಗಳ ಹಿಂದೆ ಕೂತು ತಿಳಿದಿದ್ದೇನೆ. ನನ್ನ ಅಪ್ಪನ ರೀತಿ ನಿನಗೂ ನೆನಪಿರಬೇಕು. 'ನಡಿ' ಅಂತ ಒಂದೇ ಸಲ ಹೇಳಬೇಕು, ಎತ್ತು ನಡೆಯಬೇಕು. ಯಾರಾದರೂ 'ನಡಿ ನಡಿ' ಅಂತ ಎರಡು ಸಲ ಕೂಗಿದರೆ ಕೂಗಿದವರು ಹೆದರಿದ್ದಾರೆ ಅಂತ ಅರ್ಥ. ಹೆದರಿದವರ ಮಾತಿಗೆ ಕಾಲು ಎತ್ತಬಾರದು, ಇದ್ದಲ್ಲೇ ನಿಲ್ಲಬೇಕು. ನಮ್ಮ ಎತ್ತು ಸರ್ಜ್ಯಾನಿಗೆ ನಾನು ಕಲಿಸಿದ್ದು ಅದೇ. ನೀನು ಕಬ್ಬಿನ ಹೊರೆಯ ಮೇಲೆ ಕೂತು ಅವನ ಜೊತೆಗೇ ಕಲಿತೆ. ಶಾಲೆಗೆ ಹೊತ್ತಾಯಿತೆಂದು 'ಏಳಲೇ, ಏಳಲೇ' ಅಂದರೆ ಕಲ್ಲಿನ ಹಾಗೆ ಮಲಗಿ, "ಎರಡ ಸಲ ಒದರಿದಿ ಅತ್ತಿ, ನಾ ಏಳಾಂಗಿಲ್ಲ" ಅನ್ನುತ್ತಿದ್ದೆ.

ನನಗೇ ಹೆದರಿಕೆ ಆದಾಗ, ನದಿ ತುಂಬಿ ಬ್ಯಾರೇಜಿನ ಸೇತುವೆಯ ಮೇಲೆ ನೀರು ಸಿಡಿಯುವ ದಿನ, ನಾನು ಬಾಯಿ ಮುಚ್ಚಿಕೊಂಡು ಗಾಡಿಯಿಂದ ಇಳಿದು ಎತ್ತಿನ ಮುಂದೆ ನಡೆಯುತ್ತಿದ್ದೆ. ಅದೂ ನೆನಪಿರಲಿ.

ಅವರು ನಿನಗೆ ಏನೇನು ಹೇಳುತ್ತಾರೆ ಎಂದು ಬರೆ. ಆ ಮಾತುಗಳನ್ನು ನಾನೂ ಕಲಿಯುತ್ತೇನೆ.

ನಿನ್ನ ಅತ್ತಿ,
ಶೇವಂತಾ

---

ದಕ್ಷಿಣ ಫ್ರಾನ್ಸ್, ತರಬೇತಿ ಶಿಬಿರ
3 ನವೆಂಬರ್ 2024

ಅತ್ತಿ, ಸುರಜನ ಜೈಭೀಮ.

ಗುದ್ದು ಮುಟ್ಟಿತು. ಇಲ್ಲಿ ದಿನಾ ಅಂಥವು ಸಿಗುತ್ತವೆ, ನಿನ್ನದೇ ಮೆತ್ತಗಿತ್ತು.

ಊಟ ಚೆನ್ನಾಗಿದೆ. ಬೂಟು ಚೆನ್ನಾಗಿವೆ. ನನ್ನ ಪಕ್ಕದ ಮಂಚದವನು ರಾದೋ, ಮಡಗಾಸ್ಕರ್ ಎಂಬ ದ್ವೀಪದವನು. ಅವರ ಮನೆಯಲ್ಲೂ ಎತ್ತಿನ ಗಾಡಿ ಇದೆಯಂತೆ, ಅವರ ಎತ್ತಿಗೂ ನಮ್ಮವುಗಳ ಹಾಗೆ ಹೆಗಲ ಮೇಲೆ ಉಬ್ಬಿದ ಇಣಿ ಇರುತ್ತದಂತೆ. ಅವನಿಗೆ ಫ್ರೆಂಚ್ ಬರುತ್ತದೆ. ನನಗೆ ತಿಳಿಯದಿದ್ದರೆ ಕೈಸನ್ನೆ ಮಾಡಿ ತೋರಿಸುತ್ತಾನೆ.

ಬೇರೆ ಕಡೆ ಭಾಷೆ ಕಲಿಸುವವರು 'ನನ್ನ ಹೆಸರು ಇಂಥದ್ದು' ಎಂದು ಶುರು ಮಾಡುತ್ತಾರೆ. ಇಲ್ಲಿ ಆಜ್ಞೆಯಿಂದ ಶುರು. ಕಾರ್ಪೋರಲ್ ಒಂದು ಮಾತು ಕೂಗುತ್ತಾರೆ, ಮಾಡಿ ತೋರಿಸುತ್ತಾರೆ, ನಾವೆಲ್ಲ ಕೂಗಿ ಮಾಡುತ್ತೇವೆ. 'ಅವಾಂಸ್' ಅಂದರೆ ಮುಂದೆ ನಡೆ. 'ಅರೆತ್' ಅಂದರೆ ನಿಲ್ಲು. 'ಎಕೂತ್' ಅಂದರೆ ಕೇಳು. ಅವರ ಭಾಷೆಯಲ್ಲಿ ಬೇರೆಲ್ಲ ವಾಕ್ಯಕ್ಕೂ ನಾನು, ನೀನು, ಅವನು ಎಂಬುದು ಮುಂದೆ ಇರಲೇಬೇಕು. ಆಜ್ಞೆಯಲ್ಲಿ ಮಾತ್ರ ಆ 'ನೀನು' ಉದುರಿಹೋಗುತ್ತದೆ, ಮಾಡಬೇಕಾದ ಕೆಲಸ ಒಂದೇ ಉಳಿಯುತ್ತದೆ. ನಮ್ಮ 'ಬಾ', 'ಬರ್ರಿ' ಇದ್ದ ಹಾಗೆ ಅಲ್ಲೂ ಇದೆ: ಒಬ್ಬನಿಗೆ 'ವ್ಯಾಂ', ಹಲವರಿಗೆ ಅಥವಾ ದೊಡ್ಡವರಿಗೆ 'ವೆನೆ'. ಮಾಡಬೇಡ ಅನ್ನಬೇಕಾದರೆ ಆ ಪದಕ್ಕೆ ನೊಗದ ಹಾಗೆ ಎರಡೂ ಬದಿ ಗೂಟ ಹೊಡೆಯುತ್ತಾರೆ. 'ನ ಬೂಜ್ ಪಾ' ಅಂದರೆ ಅಲುಗಾಡಬೇಡ.

ಮೂರನೆಯ ತರಹದ್ದೂ ಒಂದಿದೆ. 'ಅಲೋಂ', ನಡೀರಿ ಹೋಗೋಣ. ಹೇಳಿದವನೂ ಜೊತೆಗೆ ನಡೆಯಬೇಕಾದ ಆಜ್ಞೆ. ಅದನ್ನು ಪಾಠದಲ್ಲಿ ಹೇಳಿಕೊಟ್ಟರು. ಮೈದಾನದಲ್ಲಿ ಇನ್ನೂ ಕೇಳಿಲ್ಲ.

ಇನ್ನೊಂದು ಮಾತು. ಇಲ್ಲಿ ನಮಗೆಲ್ಲ ಬೇರೆ ಹೆಸರು ಇಡುತ್ತಾರೆ, ಹಾಗೆ ಪದ್ಧತಿ. ನಾನು ಈಗ ಸ್ಯಾಮ್. ಪಾಸ್‌ಪೋರ್ಟು ಆಫೀಸಿನಲ್ಲಿದೆ. ಲಕೋಟೆಯ ಮೇಲೆ ಆ ಹೆಸರನ್ನೇ ಬರೆ, ಇಲ್ಲದಿದ್ದರೆ ಪತ್ರ ನನಗೆ ಸಿಗುವುದಿಲ್ಲ. ಫೆಬ್ರುವರಿ ಕೊನೆಯವರೆಗೆ ಇದು ಬೇಡ ಅನ್ನುವವರು ಆಫೀಸಿಗೆ ಹೋಗಿ ಹೇಳಬಹುದು. ಆಮೇಲೆ ಐದು ವರ್ಷ ಬಿಡುವಂತಿಲ್ಲ. ನನಗೆ ಹಾಗೇನೂ ಅನ್ನಿಸಿಲ್ಲ. ಅಪ್ಪನಿಗೆ ಹೇಳು, ಹೆದರುವಂಥದ್ದು ಇಲ್ಲಿ ಏನೂ ಇಲ್ಲ.

ಸುರಜ

---

ಉಗಾರ ಖುರ್ದ
24 ನವೆಂಬರ್ 2024

ಸುರಜ,

ಕಬ್ಬಿನ ಹಂಗಾಮು ಶುರುವಾಯಿತು. ಫ್ಯಾಕ್ಟರಿಯ ಭೋಂಗಾ ಕೂಗುತ್ತದೆ, ಊರಿಗೆಲ್ಲ ಕಾಕಂಬಿಯ ವಾಸನೆ. ಸರ್ಜ್ಯಾನ ಜೊತೆಗಿದ್ದ ಮುದಿ ಎತ್ತಿಗೆ ಈ ವರ್ಷ ನೊಗ ಇಡಲು ಮನಸ್ಸು ಬರಲಿಲ್ಲ, ಅದಕ್ಕೆ ಒಂದು ಹರೆಯದ ಎತ್ತು ಕಟ್ಟಿದ್ದೇನೆ. ಹರಣ್ಯಾ ಅಂತ ಹೆಸರು. ಕಾಲು ಚುರುಕು, ಕಿವಿ ಮಂದ. ನಮ್ಮ ರೀತಿ ಇನ್ನೂ ಕಲಿಯಬೇಕು.

ನಿನ್ನ ಫ್ರೆಂಚ್ ನಾನೂ ಕಲಿಯುತ್ತಿದ್ದೇನೆ. ಸ್ನೇಹಲಳ ಫೋನಿನಲ್ಲಿ ಒಬ್ಬಳು ಹೆಂಗಸು ಹೇಳಿಕೊಡುತ್ತಾಳೆ, ಮೂಗಿನಲ್ಲಿ ಮಾತು. ತೂಕದ ಸಾಲಿನಲ್ಲಿ ನಿಂತಾಗ ಸರ್ಜ್ಯಾನಿಗೆ 'ಅವಾಂಸ್' ಅಂದೆ. ಕಿವಿ ಅಲುಗಿಸಿದ. ಹಿಂದಿನ ಗಾಡಿಯಲ್ಲಿ ಕುಸುಮ ಇದ್ದಳು.

"ಶೇವಂತಕ್ಕಾ, ಎತ್ತಿಗೆ ಇಂಗ್ಲಿಷ್ ಕಲಸಾಕತ್ತಿ ಏನ ಬೇ?"

"ಇಂಗ್ಲಿಷ್ ಅಲ್ಲ, ಫ್ರೆಂಚ್."

"ಅದೂ ಬ್ಯಾರೆ ಐತೇನ? ಅದಕ್ಕ ನಿಂತಾನ ನೋಡ, ಪಾಸ್‌ಪೋರ್ಟ ಕೇಳಾಕತ್ತಾನ."

ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ, ಹೆದರಿಕೆ ಬಂತು. ನಿನ್ನ ಹೆಸರು ತೆಗೆದಿಟ್ಟಿದ್ದಾರೆ. ಏನಾದರೂ ಆದರೆ ಯಾವ ಹೆಸರಿನಿಂದ ನಮಗೆ ತಿಳಿಸುತ್ತಾರೆ? ಸ್ಯಾಮ್ ಎಂಬವನಿಗೆ ಹೀಗಾಯಿತು ಎಂದು ಇಲ್ಲಿಗೆ ಬರೆದರೆ, ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ಪೋಸ್ಟಮನ್ ತಿರುಗಿ ಕಳಿಸಿಬಿಟ್ಟರೆ? ಅವನ ಬಳಿ ಹೋಗಿ ಹೇಳಿ ಬಂದೆ, ಸ್ಯಾಮ್ ಅಂದರೆ ನಮ್ಮ ಸುರಜ ಅಂತ. ಅವನು ನನ್ನ ಮುಖ ನೋಡಿದ ರೀತಿ ನನಗೆ ಸೇರಲಿಲ್ಲ.

ಟಿವಿಯಲ್ಲಿ ಯಾವ ದೇಶದ ಯುದ್ಧ ಬಂದರೂ ನಿನ್ನ ಅಪ್ಪ ಎದ್ದು ಹೊರಗೆ ಹೋಗುತ್ತಾನೆ. ಐದು ವರ್ಷ ಎಂಬುದನ್ನು ನಾನು ಅವನಿಗೆ ಇನ್ನೂ ಹೇಳಿಲ್ಲ.

ನೀನು ಬರೆದ ಆ ಮೂರನೆಯ ಆಜ್ಞೆ, ಹೇಳಿದವರೂ ಜೊತೆಗೆ ನಡೆಯುವುದು, ಅದು ನನಗೆ ಸೇರಿತು. ನಿನ್ನ ಕಾರ್ಪೋರಲ್ ಅದನ್ನು ಯಾಕೆ ಅನ್ನುವುದಿಲ್ಲ?

ಒಂದು ಕೇಳುತ್ತೇನೆ, ನಿಜ ಹೇಳು. ಅಲ್ಲಿ ಎರಡು ಸಲ ಕೂಗುವವರು ಇದ್ದಾರೇನು?

ಅತ್ತಿ

---

ತರಬೇತಿ ಶಿಬಿರ
15 ಡಿಸೆಂಬರ್ 2024

ಅತ್ತಿ,

ಹರಣ್ಯಾನ ಸುದ್ದಿ ಓದಿ ಖುಷಿಯಾಯಿತು. ಇಲ್ಲಿ ಚಳಿ ಬಹಳ. ಅಕ್ಷರ ಸೊಟ್ಟಗೆ ಬಂದಿವೆ, ಬೆರಳು ಮಾತು ಕೇಳುವುದಿಲ್ಲ. ಬೇರೆ ಏನೂ ಅಲ್ಲ.

ಹೋದ ವಾರ ನಮ್ಮ ತುಕಡಿಯಲ್ಲಿ ಒಂದು ಅಪಘಾತ ಆಯಿತು. ನಿನಗೆ ಯಾರ ಬಾಯಿಂದಲೋ ತಿಳಿಯುವ ಬದಲು ನಾನೇ ಬರೆಯುತ್ತೇನೆ. ಎತ್ತರದಲ್ಲಿ ಒಂದು ತೊಲೆ ಹಾಕಿರುತ್ತಾರೆ, ಅದರ ಮೇಲೆ ಒಬ್ಬನ ಹಿಂದೆ ಒಬ್ಬ ಓಡಿ ದಾಟಬೇಕು. ಒಬ್ಬ ಹುಡುಗ ನಟ್ಟನಡುವೆ ನಿಂತುಬಿಟ್ಟ. ಅವನ ಹಿಂದೆ ಓಡಿ ಬರುತ್ತಿದ್ದವನು ಡಿಕ್ಕಿ ಹೊಡೆದು ಕೆಳಗೆ ಬಿದ್ದ. ಸೊಂಟದ ಎಲುಬು ಮುರಿದಿದೆ, ಆಸ್ಪತ್ರೆಯಲ್ಲಿದ್ದಾನೆ. ನಿಂತವನು ಯಾಕೆ ನಿಂತ ಎಂದು ಯಾರಿಗೂ ತಿಳಿಯಲಿಲ್ಲ. ಆಜ್ಞೆ ಅರ್ಥವಾಗಲಿಲ್ಲವೇನೋ ಅಂದರು. ಪಾಪದ ಹುಡುಗರು ಇಬ್ಬರೂ.

ಕ್ರಿಸ್‌ಮಸ್ ದಿನ ಸ್ವಲ್ಪ ಹೊತ್ತು ಫೋನ್ ಕೊಡುತ್ತಾರಂತೆ. ಸ್ನೇಹಲಳ ನಂಬರಿಗೆ ಮಾಡುತ್ತೇನೆ. ಎಲ್ಲರೂ ಮನೆಯಲ್ಲಿರಿ.

ಸುರಜ

---

ತರಬೇತಿ ಶಿಬಿರ
26 ಡಿಸೆಂಬರ್ 2024

ಅತ್ತಿ,

ನಿನ್ನೆ ಫೋನ್ ಮಾಡಿದೆ. ಸ್ನೇಹಲಳದು ಬಂದ್ ಇತ್ತು. ಅಪ್ಪನದಕ್ಕೆ ಮಾಡಿದೆ, ರಿಂಗಾಯಿತು, ಯಾರೋ ಎತ್ತಿ ಮರಾಠಿಯಲ್ಲಿ "ಥಾಂಬಾ", ತಡೀರಿ, ಅಂದರು, ಹಿಂದೆ ಬಹಳ ಜನರ ಗದ್ದಲ, ಆಮೇಲೆ ಕಟ್ ಆಯಿತು. ನನ್ನ ಸರದಿ ಮುಗಿಯಿತು. ಎಲ್ಲಿದ್ದಿರಿ? ಬೇಗ ಬರೆ.

ಸುರಜ

---

ಉಗಾರ ಖುರ್ದ
6 ಜನವರಿ 2025

ಸುರಜ,

ಎಲ್ಲರೂ ಚೆನ್ನಾಗಿದ್ದೇವೆ. ಕ್ರಿಸ್‌ಮಸ್ ದಿನ ನಿನ್ನ ಫೋನ್ ಬಂದಿತ್ತೆಂದು ಸ್ನೇಹಲ ಆಮೇಲೆ ಅಪ್ಪನ ಫೋನಿನಲ್ಲಿ ನೋಡಿದಳು. ಅವಳದಕ್ಕೆ ಚಾರ್ಜ್ ಇರಲಿಲ್ಲ. ನಿನ್ನ ಅಪ್ಪ ಸಂತೆಗೆ ಹೋಗಿದ್ದ. ಮಲಗಿಕೊಂಡು ಬರೆಯುತ್ತಿದ್ದೇನೆ, ಅದಕ್ಕೆ ಸಾಲು ಡೊಂಕು. ಹೊದಿಕೆ ಬಿಟ್ಟು ಏಳಲು ಮನಸ್ಸಿಲ್ಲ, ಅಷ್ಟು ಚಳಿ.

ತೊಲೆಯಿಂದ ಹುಡುಗ ಬಿದ್ದ ಪತ್ರ ಶನಿವಾರ ಬಂತು. ಎಷ್ಟು ಸಲ ಓದಿದೆನೋ. ಸುರಜ, ಅತ್ತಿಗೆ ಸುಳ್ಳು ಹೇಳಬೇಡ. ಬಿದ್ದವನು ನೀನು. ಹಿಂದಿನ ಪತ್ರದಲ್ಲಿ ರಾದೋ ರಾದೋ ಅಂದವನು ಇದರಲ್ಲಿ ಒಂದು ಸಲವೂ ಅವನ ಹೆಸರು ಎತ್ತಿಲ್ಲ. ಅವನು ಈಗ ನಿನ್ನ ಪಕ್ಕದ ಮಂಚದಲ್ಲಿ ಇಲ್ಲ, ಏಕೆಂದರೆ ನೀನು ಆಸ್ಪತ್ರೆಯಲ್ಲಿದ್ದೀಯ. ಅಕ್ಷರವೂ ಮಲಗಿ ಬರೆದವರ ಅಕ್ಷರವೇ. ಮಲಗಿ ಬರೆದದ್ದು ನನಗೆ ತಿಳಿಯುವುದಿಲ್ಲವೇ?

ಇಲ್ಲಿಯೂ ಒಂದು ಅನಾಹುತ ಆಯಿತು. ಕುಸುಮಳ ಗಾಡಿ ಬ್ಯಾರೇಜಿನ ಮೇಲೆ ಉರುಳಿತು. ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಡ್ರೈವರ್ ಹಾಡು ಜೋರಾಗಿ ಹಚ್ಚಿದ್ದ. ಅವನ ಬ್ರೇಕು ಹಿಡಿಯಲಿಲ್ಲವೋ ಏನೋ, "ಹೊಡಿ ಹೊಡಿ, ಮುಂದ ಹೊಡಿ" ಎಂದು ಒದರಿದ. ಅವಳ ಹಳೆಯ ಎತ್ತು ಕಾಲು ಊರಿ ನಿಂತಿತು, ಹರೆಯದ್ದು ಜಗ್ಗಿತು. ಒಂದು ನಿಂತು ಒಂದು ಓಡಿದರೆ ಗಾಡಿ ಏನಾಗಬೇಕು? ಕಬ್ಬೆಲ್ಲ ಹೊಳೆಗೆ. ಹರೆಯದ ಎತ್ತಿನ ಕಾಲು ಮುರಿಯಿತು, ಅದು ಉಳಿಯಲಿಲ್ಲ. ಕುಸುಮ ಕಟ್ಟೆಯ ಈಚೆಗೆ ಬಿದ್ದಳು, ಆಚೆಗೆ ಬಿದ್ದಿದ್ದರೆ ನೀರು. ಅವಳ ಪುಣ್ಯ. ಅಂದಿನಿಂದ ಕಣ್ಣು ಮುಚ್ಚಿದರೆ ಅವಳಿಗೆ ಅದೇ ಕೂಗು ಕೇಳುತ್ತದಂತೆ.

ಬೀಳುವುದು ಎಂದರೆ ಏನು ಎಂದು ನೋಡಿದ್ದೇನೆ. ಸಾಕು. ಫೆಬ್ರುವರಿವರೆಗೆ ಬಿಡಬಹುದು ಎಂದು ನೀನೇ ಬರೆದಿದ್ದೆ. ನಾಳೆಯೇ ಆಫೀಸಿಗೆ ಹೋಗಿ ಹೇಳು. ಬಂದುಬಿಡು. ಸುರಜ, ಬಂದುಬಿಡು.

ಅತ್ತಿ

---

ತರಬೇತಿ ಶಿಬಿರ
26 ಜನವರಿ 2025

ಅತ್ತಿ,

ನಿನ್ನ ಪತ್ರ ಬಂದ ದಿನ ಆಫೀಸಿನ ಬಾಗಿಲವರೆಗೆ ಹೋದೆ. ಅಲ್ಲೇ ಇನ್ನೊಮ್ಮೆ ಓದಿದೆ. 'ಬಂದುಬಿಡು' ಎಂದು ನೀನು ಎರಡು ಸಲ ಬರೆದಿದ್ದೆ. ನನ್ನ ಕಾಲು ನಿಂತವು. ಹಿಂದಿರುಗಿ ಬಂದೆ. ನಗಬೇಡ.

ಕುಸುಮ ಅತ್ತಿಯ ಎತ್ತುಗಳು ಯಾರಾದರೂ ಸೀನಿದರೂ ಓಡುತ್ತವೆ. ಅವಳೂ ಓಡುತ್ತಾಳೆ. ಎರಡು ಸಲ ಕೂಗಿದಾಗ ಕಾಲು ಊರಿ ನಿಲ್ಲುವ ಎತ್ತು ಉಗಾರದಲ್ಲಿ ಒಂದೇ, ನಮ್ಮ ಸರ್ಜ್ಯಾ. ಕೂಗು ಕೇಳುವುದು ನಿನಗೆ, ಬಿದ್ದವಳೂ ನೀನು. ಆ ದಿನ ಅಪ್ಪನ ಫೋನಿನಲ್ಲಿ ಕೇಳಿದ ಮರಾಠಿ ಮಿರಜದ ಯಾವುದೋ ಆಸ್ಪತ್ರೆಯದು. ಎಲ್ಲಿ ಪೆಟ್ಟಾಗಿದೆ? ನಡೆಯಲು ಬರುತ್ತದೆಯೇ? ನಿನ್ನ ಮೇಲೆ ಸಿಟ್ಟು ಮಾಡಬೇಕೆಂದು ಕೂತೆ, ಆಗಲಿಲ್ಲ. ಯಾಕೆಂದರೆ ನಾನೂ ಅದನ್ನೇ ಮಾಡಿದ್ದೇನೆ.

ಬಿದ್ದವನು ನಾನಲ್ಲ. ಬಿದ್ದವನು ರಾದೋ. ನಿಂತವನು ನಾನು.

ತೊಲೆಯ ನಡುವೆ ಇದ್ದೆ. ಕೆಳಗೆ ಕಾರ್ಪೋರಲ್ 'ಅವಾಂಸ್' ಅಂದರು, ನಡೆದೆ. ಆಗ ತೊಲೆ ಅಲುಗಿತು, ಅವರಿಗೂ ದಿಗಿಲಾಯಿತೋ ಏನೋ, 'ಅವಾಂಸ್, ಅವಾಂಸ್!' ಅಂದರು. ಅವರ ಧ್ವನಿ ಒಡೆದಿತ್ತು. ನಾನು ಯೋಚನೆ ಮಾಡಲಿಲ್ಲ ಅತ್ತಿ, ಕಾಲು ತಾವೇ ನಿಂತವು. ಹಿಂದೆ ರಾದೋ ಇದ್ದ.

ಭಾಷೆ ಬಾರದ ಹುಡುಗ, ಮಾತು ತಿಳಿಯಲಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ಹೌದು ಅಂದೆ. ಭಾನುವಾರ ಅವನನ್ನು ನೋಡಲು ಬಿಡುತ್ತಾರೆ. ಅವನು ಮಲಗಿದಲ್ಲೇ ನನಗೆ ಪಾಠ ಮಾಡುತ್ತಾನೆ. ಎರಡು ಬೆರಳನ್ನು ಹೊದಿಕೆಯ ಮೇಲೆ ಕಾಲಿನಂತೆ ನಡೆಸುತ್ತ, ನಿಧಾನವಾಗಿ 'ಅ-ವಾಂಸ್' ಅನ್ನುತ್ತಾನೆ, ಇನ್ನು ಮುಂದೆ ಮರೆಯಬೇಡ ಎಂಬಂತೆ. ನಾನು ತಲೆ ಅಲ್ಲಾಡಿಸುತ್ತೇನೆ. ಆ ಪದ ನನಗೆ ಮೊದಲ ವಾರವೇ ಬರುತ್ತಿತ್ತು.

ಈಗ ರಾತ್ರಿ ನನಗೆ ಯುದ್ಧದ ಕನಸಲ್ಲ ಬೀಳುವುದು. ಬೆನ್ನ ಹಿಂದೆ ಯಾರೋ ಓಡಿಬರುವ ಸಪ್ಪಳ.

ಫೆಬ್ರುವರಿ ಇಪ್ಪತ್ತೆಂಟು ಕೊನೆಯ ದಿನ. ನನ್ನ ಬುದ್ಧಿ ಕೆಲಸ ಮಾಡುತ್ತಿಲ್ಲ. ನೀನು ಹೇಳು. ಬಾ ಅನ್ನು, ಇಲ್ಲ ಇರು ಅನ್ನು. ಒಂದೇ ಸಲ ಬರೆ. ಅದನ್ನೇ ಮಾಡುತ್ತೇನೆ.

ಸುರಜ

---

ಉಗಾರ ಖುರ್ದ
17 ಫೆಬ್ರುವರಿ 2025

ಸುರಜ,

ನೀನು ಜಾಣ. ಬಿದ್ದವಳು ನಾನೇ. ಬಲಗಾಲಿನ ಮೀನಖಂಡದ ಕೆಳಗೆ ಮುರಿದಿತ್ತು, ಮಿರಜದಲ್ಲಿ ಪಟ್ಟಿ ಹಾಕಿದರು, ಈಗ ತೆಗೆದಿದ್ದಾರೆ. ಹರಣ್ಯಾ ಹೋದ. ಸರ್ಜ್ಯಾನಿಗೆ ಮೈ ತರಚಿದ್ದು ಬಿಟ್ಟರೆ ಏನಿಲ್ಲ. ಅವನು ನಿಂತದ್ದು ತಪ್ಪು ಎಂದು ಊರವರು ಅಂದರು. "ಓಡಿದ್ರ ಎರಡೂ ಉಳೀತಿದ್ದು" ಅಂತ. ಇರಬಹುದು. ಕಲಿಸಿದವಳು ನಾನು, ಅವನಿಗೇನು ಗೊತ್ತು? ಹರಣ್ಯಾನಿಗೆ ಕಲಿಸುವ ಮೊದಲೇ ಅವನನ್ನು ಸರ್ಜ್ಯಾನ ಜೊತೆ ಕಟ್ಟಿದೆ. ಜೋಡಿಯಲ್ಲಿ ಒಬ್ಬನಿಗೆ ಮಾತ್ರ ತಿಳಿದದ್ದು ಇನ್ನೊಬ್ಬನನ್ನು ಉರುಳಿಸುತ್ತದೆ ಎಂದು ನನಗೆ ಹೊಳೆಯಲಿಲ್ಲ.

ನಿನ್ನ ಪತ್ರ ಶನಿವಾರ ಬಂತು. ಕೂಡಲೇ ಪೋಸ್ಟ್ ಆಫೀಸಿಗೆ ಸ್ನೇಹಲಳನ್ನು ಕಳಿಸಿದೆ. ಎಷ್ಟು ಬೇಗ ಕಳಿಸಿದರೂ ಇಪ್ಪತ್ತೆಂಟರೊಳಗೆ ಮುಟ್ಟುವ ಭರವಸೆ ಇಲ್ಲ ಅಂದರಂತೆ. ನಿನ್ನ ಮೊದಲ ಪತ್ರದಲ್ಲಿ ಅಲ್ಲಿಯ ಆಫೀಸಿನ ನಂಬರು ಬರೆದಿದ್ದೆಯಲ್ಲ, ಅದಕ್ಕೆ ಫೋನ್ ಮಾಡಿದಳು. ಒಬ್ಬ ಗಂಡಸು ಏನೋ ಕೇಳಿದ. ನಾನು ಫೋನ್ ಕಿತ್ತುಕೊಂಡು, 'ಎಕೂತೆ, ಎಕೂತೆ' ಅಂದೆ. ಕೇಳ್ರಿ, ಕೇಳ್ರಿ. ಎರಡು ಸಲ ಅಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ. ಅವನು ಇಟ್ಟುಬಿಟ್ಟ.

ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ, ಐದು ವರ್ಷದ್ದೂ ಹೇಳಿದೆ. ನನ್ನ ಎದುರಿಗೆ ಹಾಳೆ ಇಟ್ಟ.

"ಬಾ ಅಂತ ಬರಿ ಅಕ್ಕಾ. ಒಂದ ಸಲ ಸಾಕು."

"ನೀನ ಬರಿ. ತಂದಿ ನೀ."

"ನನ್ನ ಮಾತ ಅವ ಯಾವಾಗ ಕೇಳ್ಯಾನ? ಅವ ನಿನ್ನ ಎತ್ತ, ನಿನ್ನ ಮಾತಿಗೇ ತಿರಗ್ತಾನ."

ಬರೆದೆ. 'ಬಾ' ಎಂದು ಒಂದೇ ಅಕ್ಷರ. ನೋಡಿದರೆ ನಡುಗಿದ ಗೆರೆ. ಹರಿದೆ. ಇನ್ನೊಂದು ಹಾಳೆ ತೆಗೆದು 'ಇರು' ಎಂದು ಬರೆದು ನೋಡಿದೆ. ಅದೂ ನಡುಗಿತ್ತು. ಬಾಯಿಂದ ಒಂದೇ ಸಲ ಹೇಳಿದರೇನು, ಒಳಗೆ ನೂರು ಸಲ ಒದರುತ್ತಿದ್ದೇನೆ. ಹೆದರಿದವರು ಕೊಟ್ಟ ಆಜ್ಞೆಗೆ ಕಾಲು ಎತ್ತಬೇಡ ಎಂದು ನಾನೇ ಕಲಿಸಿ, ಈಗ ನಾನೇ ಹೆದರಿಕೊಂಡು ಆಜ್ಞೆ ಕೊಡಲೇ? ನನ್ನಿಂದ ಆಗುವುದಿಲ್ಲ ಕಂದಾ.

ಇವತ್ತು ಬೆಳಿಗ್ಗೆ ಏನು ಮಾಡಿದೆ ಅಷ್ಟು ಹೇಳುತ್ತೇನೆ. ಕುಸುಮಳ ಒಂದು ಎತ್ತು ಇಸಿದುಕೊಂಡು ಸರ್ಜ್ಯಾನ ಜೊತೆ ಕಟ್ಟಿ ಬ್ಯಾರೇಜಿಗೆ ಹೋದೆ, ಬಿದ್ದ ಮೇಲೆ ಇದೇ ಮೊದಲು. "ಬ್ಯಾಡ ಬೇ ಯಕ್ಕಾ, ಇನ್ನೊಂದ ಕಾಲಾದ್ರೂ ಇರಲಿ" ಎಂದು ಕುಸುಮ ಹಿಂದೆ ಬಂದಳು. ನೀರು ನೋಡಿದ ಕೂಡಲೇ ಹೆದರಿಕೆ ಆಯಿತು. ಇಳಿದೆ. ಕೋಲು ಊರಿಕೊಂಡು ಎತ್ತುಗಳ ಮುಂದೆ ನಡೆದೆ. ಏನೂ ಹೇಳಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ. ಅರ್ಧ ದಾಟುವವರೆಗೆ ಹಿಂದೆ ಏನೂ ಕೇಳಲಿಲ್ಲ. ಆಮೇಲೆ ಗಾಲಿಯ ಸಪ್ಪಳ ಕೇಳಿತು.

ಇದು ನಿನ್ನ ಕೈಗೆ ಬರುವ ಹೊತ್ತಿಗೆ ತಾರೀಖು ಮುಗಿದಿರುತ್ತದೆ. ಏನು ಮಾಡಿರುತ್ತೀಯೋ ಗೊತ್ತಿಲ್ಲ. ಲಕೋಟೆಯ ಮೇಲೆ ಸ್ಯಾಮ್ ಎಂದು ಬರೆಯಬೇಕು, ಬರೆಯುತ್ತೇನೆ. ಒಳಗೆ ನಿನ್ನ ಹೆಸರು ಬರೆದಿದ್ದೇನೆ.

ಅತ್ತಿ

---

ತರಬೇತಿ ಶಿಬಿರ
28 ಫೆಬ್ರುವರಿ 2025

ಅತ್ತಿ,

ನಿನ್ನ ಪತ್ರ ಬರಲಿಲ್ಲ. ವಾರವೆಲ್ಲ ಟಪಾಲು ಹಂಚುವಾಗ ಮೊದಲು ನಿಲ್ಲುತ್ತಿದ್ದೆ. ನಿನ್ನೆ ಕೊನೆಯ ಟಪಾಲಿನಲ್ಲೂ ಇರಲಿಲ್ಲ. ನಿನಗೆ ಏನೋ ಆಗಿದೆ ಎಂದು ಮೊದಲು ಹೆದರಿದೆ. ಬೆಳಗಿನ ಜಾವ ಬ್ಯಾರೇಜು ನೆನಪಾಯಿತು. ಕಬ್ಬಿನ ಹೊರೆಯ ಮೇಲಿಂದ ನನಗೆ ಕಾಣುತ್ತಿದ್ದದ್ದು ನಿನ್ನ ಬೆನ್ನು ಮತ್ತು ಸೆರಗು ಮಾತ್ರ. ಹೆದರಿಕೆ ಆದಾಗ ನೀನು ಏನೂ ಹೇಳುತ್ತಿರಲಿಲ್ಲ, ಇಳಿದು ಮುಂದೆ ನಡೆಯುತ್ತಿದ್ದೆ. ಅತ್ತಿ ಇಳಿದಿದ್ದಾಳೆ ಅಂದುಕೊಂಡೆ. ಎದ್ದೆ.

ಮೊದಲು ಆಸ್ಪತ್ರೆಗೆ ಹೋಗಲು ಕೇಳಿದೆ, ಬಿಟ್ಟರು. ರಾದೋ ಎಂದಿನಂತೆ ಬೆರಳು ನಡೆಸಲು ಶುರು ಮಾಡಿದ. ಅವನ ಕೈ ಹಿಡಿದೆ. ಆ ಪದ ನನಗೆ ಗೊತ್ತಿತ್ತು, ಗೊತ್ತಿದ್ದೇ ನಿಂತೆ ಎಂದು ಹೇಳಿದೆ. ಎತ್ತಿನ ವಿಷಯ, ನಿನ್ನ ವಿಷಯ, ನನಗೆ ಬರುವ ಮುರುಕು ಫ್ರೆಂಚಿನಲ್ಲಿ. ಅವನು ಮೊದಲು ನಕ್ಕ, ನಕ್ಕರೆ ಸೊಂಟ ನೋಯುತ್ತದೆ, ನಿಲ್ಲಿಸಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮತ್ತೆ ಈ ಕಡೆ ತಿರುಗಲಿಲ್ಲ. ಅವನ ನೀರಿನ ಲೋಟ ತುಂಬಿಸಿಟ್ಟು ಬಂದೆ.

ನಂತರ ಆಫೀಸು. ಕ್ಯಾಪ್ಟನ್ ಇದ್ದರು. ಅವರಿಗೂ ಎಲ್ಲ ಹೇಳಿದೆ. ಮನೆಯಲ್ಲಿ ಅತ್ತಿ ಬಿದ್ದು ಪೆಟ್ಟು ಮಾಡಿಕೊಂಡಿದ್ದಾಳೆ ಎಂದು ಹೇಳಿ ಬಿಡಿಸಿಕೊಳ್ಳಬಹುದಿತ್ತು, ಹೇಳಲಿಲ್ಲ. ಎರಡು ಸಲ ಕೂಗಿದರೆ ನಾನು ನಿಲ್ಲುತ್ತೇನೆ, ಇದು ಇನ್ನು ನನ್ನ ಕಾಲಿನಿಂದ ಹೋಗುವುದಿಲ್ಲ ಅಂದೆ. ಯುದ್ಧದಲ್ಲಿ ಎಲ್ಲರೂ ಎರಡೆರಡು ಸಲ ಕೂಗುತ್ತಾರೆ. ನಾನು ನಿಂತರೆ ನನ್ನ ಹಿಂದೆ ಇನ್ನೊಬ್ಬ ಬೀಳುತ್ತಾನೆ, ನನ್ನನ್ನು ಬಿಟ್ಟುಬಿಡಿ ಅಂದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಬೀರುವಿನಿಂದ ನನ್ನ ಪಾಸ್‌ಪೋರ್ಟು ತೆಗೆದು ಒಳಗಿನ ಹೆಸರನ್ನು ತಡೆತಡೆದು ಓದಿದರು. ಸು, ರಜ. ಇಷ್ಟು ತಿಂಗಳಲ್ಲಿ ಇಲ್ಲಿ ಮೊದಲ ಸಲ ಆ ಹೆಸರು ಕೇಳಿದೆ, ಯಾರನ್ನು ಕರೆಯುತ್ತಿದ್ದಾರೆ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಕಾಗದಪತ್ರ ಮುಗಿದು ಟಿಕೆಟ್ ಆಗಲು ಇನ್ನೂ ಕೆಲವು ದಿನ ಬೇಕು. ಈ ಪತ್ರಕ್ಕಿಂತ ಮೊದಲು ನಾನೇ ಬಂದರೂ ಬಂದೆ.

ಪಾಸ್‌ಪೋರ್ಟನ್ನು ಕೈಯಲ್ಲಿಟ್ಟು, ಬಾಗಿಲ ಕಡೆ ತೋರಿಸಿ 'ವಾ' ಅಂದರು. ಹೋಗು ಅಂತ. ಮೆಲ್ಲಗೆ ಅಂದರು. ನಾನು ಇನ್ನೊಂದು ಸಲ ಅನ್ನುತ್ತಾರೇನೋ ಎಂದು ಕಾದು ನಿಂತೆ.

ಅನ್ನಲಿಲ್ಲ. ನಡೆದೆ.

ಸುರಜ